ದೊಡ್ಡ ಚಾಕು, ಭಾಗ 3: ಬಾಯಿ ಮಡಚುವ ಭೂತ ಕೊನೆಗೂ ಸಿಕ್ಕಿಬಿತ್ತು

ಮೂರು ವಾರದಿಂದ ನಾನು ಬೈಯುತ್ತಿದ್ದದ್ದು ಉಕ್ಕನ್ನು. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಕಳೆದ ಸಲ ಬರೆದಾಗ ದೊಡ್ಡ ಚಾಕುವಿನ ಆಯ್ಕೆ ಮುಗಿದಿತ್ತು. 24 ಸೆಂ.ಮೀ. ಅಲಗು, 1095 ಉಕ್ಕು (ಇಂಗಾಲ ಜಾಸ್ತಿ ಇರುವ ಜಾತಿ), ಫುಲ್ ಟ್ಯಾಂಗ್ (ಅಲಗಿನ ಉಕ್ಕೇ ಹಿಡಿಯ ಕೊನೆವರೆಗೂ), ಬೆಂಕಿಗೆ ಕಿಡಿ ಹಾರಿಸುವ ಫೆರೋ ರಾಡ್ ಉಜ್ಜುವುದಕ್ಕೆ ಚೂಪು ಅಂಚಿನ ಬೆನ್ನು. ಕೊಂಬೆ ಕಡಿಯಬೇಕು, ಸೌದೆ ಸೀಳಬೇಕು, ಗೂಟ ಹೆರೆಯಬೇಕು, ಎಲ್ಲಾ ಇದೊಂದೇ ಮಾಡಬೇಕು. ಒಂದು ಕೊಡಲಿ, ಒಂದು ಸಣ್ಣ ಚಾಕು ಇಟ್ಟುಕೊಂಡರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತೆ, ಚೆನ್ನಾಗೇ ಆಗುತ್ತೆ. ಹಾಗಂತ ಒಪ್ಪಿಕೊಂಡರೆ ನಮ್ಮ ಹವ್ಯಾಸದ ಕಥೆ ಏನು?

ಚಾಕು ಬಂತು. ಬೆನ್ನು 5 ಮಿ.ಮೀ. ದಪ್ಪ ಅಂತ ಬರೆದಿದ್ದರು, ವರ್ನಿಯರ್ ಹಿಡಿದರೆ 5.8. ಒರೆಯೊಳಗೆ ಅಲಗು ಗಿಲಕಿ ಥರ ಕುಣಿಯುತ್ತೆ. ಮಾರಿದವರಿಗೆ ಬರೆದು ಕೇಳಿದೆ, "ಅದು ನಾರ್ಮಲ್ ಸರ್" ಅಂತ ಒಂದೇ ಸಾಲಿನ ಉತ್ತರ. ಇರಲಿ, ಒರೆ ಹೇಗೂ ನಾನೇ ಮಾಡಿಕೊಳ್ಳುವವನು ಅಂತ ಸುಮ್ನಾದೆ.

ಅಸಲಿ ತಲೆನೋವು ಶುರುವಾದದ್ದು ಒಣಗಿದ ಗಟ್ಟಿ ಮರದ ಮೇಲೆ. ಇಪ್ಪತ್ತು ಏಟು ಹಾಕಿ ನೋಡಿದರೆ ಬಾಯಿ, ಅಂದರೆ ಅಲಗಿನ ಹರಿತದ ಅಂಚು, ಒಂದು ಕಡೆಗೆ ಮಡಚಿಕೊಂಡಿದೆ. ಮುಕ್ಕಾಗಿರಲಿಲ್ಲ, ಮಡಚಿತ್ತು. ದೀಪದ ಕೆಳಗೆ ಹಿಡಿದರೆ ಮೊನೆಯ ಕಡೆಯ ಅರ್ಧ ಭಾಗದಲ್ಲಿ ಬೆಳ್ಳಗೆ ಮಿನುಗುವ ಗೆರೆ, ಉಗುರು ಆಡಿಸಿದರೆ ಒಂದು ಪಕ್ಕದಲ್ಲಿ ತಡೆಯುತ್ತೆ. ಸಾಣೆ ಹಿಡಿದೆ. ಮತ್ತೆ ಇಪ್ಪತ್ತು ಏಟು, ಮತ್ತೆ ಅದೇ. ಕೋನ ಜಾಸ್ತಿ ಚೂಪಾಯಿತೇನೋ ಅಂತ ಒಂದೊಂದು ಪಕ್ಕಕ್ಕೆ 18 ಡಿಗ್ರಿ ಇದ್ದದ್ದನ್ನು 22ಕ್ಕೆ ಏರಿಸಿದೆ, ಮೈಕ್ರೋ ಬೆವೆಲ್ (ತೀರಾ ತುದಿಯಲ್ಲಿ ಇನ್ನೊಂದು ಸಣ್ಣ ಓರೆ) ಕೊಟ್ಟೆ. ಸ್ವಲ್ಪ ಸುಧಾರಿಸಿತು ಅಂತ ಖುಷಿಪಟ್ಟೆ. ಸಂಜೆಗೆ ಹಳೇ ಹಾಡು. ಕಾಗದ ಕೊಯ್ಯುವುದಿರಲಿ, ಹರಿಯುವುದೂ ಬೇಸರದಲ್ಲಿ ಹರಿದ ಹಾಗೆ.

ಆಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಉಕ್ಕನ್ನು ಕಾಯಿಸಿ ಗಡಸು ಮಾಡಿದ ಹದ ಸರಿಯಿಲ್ಲ, ಇಡೀ ಅಲಗೇ ಮೆತ್ತಗಿದೆ, ವಾಪಸ್ ಕಳಿಸೋಣ ಅಂತ ಡಬ್ಬಿ ಕೂಡ ಹುಡುಕಿಟ್ಟೆ. (ಡಬ್ಬಿ ಬಿಸಾಡಬೇಡಿ. ಎರಡು ತಿಂಗಳಾದರೂ ಇಟ್ಟಿರಿ.)

ಡಬ್ಬಿಗೆ ಹಾಕುವ ಮುಂಚೆ ಒಂದು ವಿಷಯ ಕಾಡಿತು. ಹಿಡಿಯ ಹತ್ತಿರದ ಎರಡು ಬೆರಳಷ್ಟು ಬಾಯಿ ಯಾಕೆ ಮಡಚಿಲ್ಲ? ಅಲ್ಲಿ ಏಟು ಕಡಿಮೆ ಬೀಳುತ್ತೆ, ಸರಿ. ಆದರೆ ಗೂಟ ಹೆರೆಯುವುದೆಲ್ಲ ಅಲ್ಲೇ, ಗಂಟಿನ ಮೇಲೂ ಒತ್ತಿದ್ದೇನೆ. ಹಾಗಾಗಿ ಹಿತ್ತಾಳೆ ಕಡ್ಡಿ ತೆಗೆದೆ. ನಿಮಗೆ ಗೊತ್ತಿರೋದೇ: ಬಾಯಿಯನ್ನು ಕಡ್ಡಿಯ ಮೇಲೆ ಓರೆಯಾಗಿ ಇಟ್ಟು ಒತ್ತಿದರೆ ಅಂಚು ಸಣ್ಣಗೆ ಬಾಗುವುದು ಕಣ್ಣಿಗೆ ಕಾಣುತ್ತೆ. ಬಿಟ್ಟಾಗ ವಾಪಸ್ ಬಂದರೆ ಹದ ಸರಿ, ಬಾಗಿದಲ್ಲೇ ಉಳಿದರೆ ಮೆದು, ಚಕ್ಕೆ ಎದ್ದರೆ ಗಡಸು ಜಾಸ್ತಿ. ಹಿಡಿಯ ಹತ್ತಿರ ಒತ್ತಿದೆ. ಬಾಗಿತು, ವಾಪಸ್ ಬಂತು. ಬಾಯಿ ಮೊನೆಯ ಕಡೆಗೆ ಡೊಂಕಾಗುವ ಹೊಟ್ಟೆಯ ಭಾಗದಲ್ಲಿ ಒತ್ತಿದೆ. ಬಾಗಿತು, ಅಲ್ಲೇ ಕೂತಿತು.

ಒಂದೇ ಉಕ್ಕು, ಒಂದೇ ಕುಲುಮೆ, ಒಂದೇ ದಿನದ ಹದ. ಆದರೂ ಎರಡು ಥರ. ಹಾಗಾದರೆ ಎಡವಟ್ಟು ಆಗಿರುವುದು ಹದ ಹಾಕಿದ ಮೇಲೆ, ಕೊನೆಗೆ ಸಾಣೆ ಯಂತ್ರದ ಬೆಲ್ಟಿನಲ್ಲಿ ಬಾಯಿ ಹಾಕುವಾಗ. ಅಂಚು ತೆಳ್ಳಗಿರುತ್ತೆ, ಶಾಖಕ್ಕೆ ಓಡಿಹೋಗಲು ಜಾಗ ಇರಲ್ಲ. 1095ಕ್ಕೆ ಟೆಂಪರ್ ಕೊಡುವುದು (ಗಡಸು ಮಾಡಿದ ಮೇಲೆ ಪೆಡಸು ಕಡಿಮೆಯಾಗಲು ಮತ್ತೆ ಹಗುರಾಗಿ ಕಾಯಿಸುವುದು) ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರಿಗೆ ಅದ್ದದೆ ಒಂದೇ ಸಮನೆ ಒತ್ತಿ ಹಿಡಿದರೆ ಅಂಚು ಅದನ್ನು ಕ್ಷಣದಲ್ಲಿ ದಾಟಿ ಮೆದುವಾಗುತ್ತೆ. ಮಾಡಿದವನು ಹಿಡಿಯ ಕಡೆ ಬೇಗ ಮುಗಿಸಿ, ಹೊಟ್ಟೆಯ ಡೊಂಕಿನಲ್ಲಿ ಜಾಸ್ತಿ ಹೊತ್ತು ನಿಂತಿದ್ದಾನೆ. ಉಕ್ಕು ಜಾಸ್ತಿ ಕಾದ ಗುರುತಾಗಿ ನೀಲಿ ಬಣ್ಣ ಬಂದಿದ್ದರೂ ಪಾಲಿಶ್ ನುಂಗಿಹಾಕುತ್ತೆ. ನನ್ನ ಮೈಕ್ರೋ ಬೆವೆಲ್ ತೆಗೆದದ್ದು ಕೂದಲೆಳೆಯಷ್ಟು, ಕೆಳಗೆ ಇನ್ನೂ ಅದೇ ಮೆದು ಉಕ್ಕು!

ಪರಿಹಾರ ಕೇಳಿದರೆ ನೀವು ಮುಖ ಸಿಂಡರಿಸುತ್ತೀರಿ. 220ರ ಒರಟು ಸಾಣೆಕಲ್ಲಿನ ಮೇಲೆ ಚಾಕುವನ್ನು ನೆಟ್ಟಗೆ ನಿಲ್ಲಿಸಿ, ಕಲ್ಲನ್ನೇ ಕುಯ್ಯುವ ಹಾಗೆ ಎಳೆದೆ. ಎಷ್ಟೋ ಗಂಟೆ ಕೂತು ಹರಿತ ಮಾಡಿದ್ದನ್ನು ನಾನೇ ಮೊಂಡು ಮಾಡುವುದು, ಹೊಟ್ಟೆಯುರಿ ಅಂದರೆ ಅದು. ಅರ್ಧ ಮಿ.ಮೀ. ಹೋಗುವವರೆಗೂ ಬಿಡಲಿಲ್ಲ. ಆಮೇಲೆ ಅಂಚು ದಪ್ಪವಾಗಿ ಕೂತಿತು, ಅದನ್ನು ಹಿಂದಿನಿಂದ ತೆಳ್ಳಗೆ ಮಾಡಬೇಕು. ಕಲ್ಲು ಎಲ್ಲಿ ತಾಗುತ್ತೆ ಅಂತ ಕಾಣಲು ಮಾರ್ಕರ್ ಬಳಿದು, ಉಜ್ಜಿ, ನೋಡಿ, ಮತ್ತೆ ಬಳಿದು, ಎರಡು ಸಂಜೆ ಹೋಯಿತು. ಕೊನೆಗೆ 1000ದ ನಯವಾದ ಕಲ್ಲು, ಆಮೇಲೆ ಚರ್ಮದ ಪಟ್ಟಿ. 20 ಡಿಗ್ರಿಯಲ್ಲೇ ನಿಲ್ಲಿಸಿದೆ.

ನಿನ್ನೆ ಅದೇ ಮರ, ಅದೇ ಗಂಟು, ಎಣಿಸಿ ನೂರು ಏಟು. ಮುಂಗೈ ಕೂದಲು ಇನ್ನೂ ಬೋಳಿಸುತ್ತೆ. ಹೊಟ್ಟೆಯ ಭಾಗವನ್ನು ಹಿತ್ತಾಳೆ ಕಡ್ಡಿಗೆ ಒತ್ತಿದರೆ ಬಾಗಿ ವಾಪಸ್ ಬರುತ್ತೆ. ನಾನು ಒಬ್ಬನೇ ಕೂತು ನಕ್ಕೆ, ಮನೆಯವರು ಬಾಗಿಲಲ್ಲಿ ಇಣುಕಿ ನೋಡಿ ಹೋದರು.

ಈ ನಡುವೆ ಮುಂದಿನ ಚಾಕುವಿಗೆ ಅಂತ ಲಾರಿ ಪಟ್ಟಾ (ಲಾರಿಯ ಸ್ಪ್ರಿಂಗ್ ಪಟ್ಟಿ) ಒಂದು ತಂದಿಟ್ಟಿದ್ದೇನೆ. ಈ ಚಾಕು ಹೆರೆಯುವಾಗ ಮೂತಿ ಭಾರ, ಮಣಿಕಟ್ಟು ನೋಯುತ್ತೆ, ಹಾಗಾಗಿ ಮುಂದಿನದು 18 ಸೆಂ.ಮೀ. ಅಲಗು, 4 ಮಿ.ಮೀ. ಬೆನ್ನು. ಪಟ್ಟಾ 5160 ಅನ್ನುವ ಸ್ಪ್ರಿಂಗ್ ಉಕ್ಕು ಇರಬಹುದು, ಬೇರೆ ಏನೋ ಇರಬಹುದು, ಒಂದು ತುಂಡು ಕತ್ತರಿಸಿ ಕಾಯಿಸಿ ಎಣ್ಣೆಗೆ ಅದ್ದಿ, ಗಡಸಾಗಿದೆಯಾ ಅಂತ ಮುರಿದು ನೋಡಿಯೇ ಮುಂದುವರಿಯುವುದು. ಹಳೇ ಪಟ್ಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರುವ ಭಯ ಬೇರೆ. ಬಾಯಿ ಮಾತ್ರ ಕೈಯಲ್ಲೇ ಹಾಕುತ್ತೇನೆ, ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡು.

ಅದಕ್ಕೂ ಮುಂಚೆ ಆ ಗಿಲಕಿ ಒರೆಗೆ ಏನಾದರೂ ಮಾಡಬೇಕು. ಕೈಡೆಕ್ಸ್ (ಕಾಯಿಸಿ ಒರೆ ಮಾಡುವ ಪ್ಲಾಸ್ಟಿಕ್) ಹಾಳೆ ತರಿಸಿದ್ದೆ. 2 ಮಿ.ಮೀ. ಕೇಳಿದ್ದೆ, 1.5 ಬಂದಿದೆ.