ಗೈಡ್ ಇಲ್ಲದೆ ಒಳಗೆ ಬಿಡದ ಕಣಿವೆ

ನಮ್ಮ ಶಿರಸಿ ಕಡೆಯಿಂದ ಅಮೆರಿಕಕ್ಕೆ ಬರುವ ಅಪ್ಪ-ಆಯಿಯರನ್ನು ಮಕ್ಕಳು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅನ್ನೋದು ಹೆಚ್ಚುಕಮ್ಮಿ ಗೊತ್ತಿರುವುದೇ. ಗ್ರ್ಯಾಂಡ್ ಕ್ಯಾನ್ಯನ್, ಲಾಸ್ ವೇಗಸ್, ಒಂದೆರಡು ದೇವಸ್ಥಾನ. ಅದೆಲ್ಲ ಆಗಲಿ ಬಿಡಿ. ಆದರೆ ಅರಿಝೋನಾಕ್ಕೆ ಬಂದರೆ ಪೇಜ್ ಅನ್ನುವ ಸಣ್ಣ ಊರಿಗೆ ಅಂತ ಒಂದು ದಿನ ತೆಗೆದಿಡಿ. ಆಂಟೆಲೋಪ್ ಕಣಿವೆ, ಹಾರ್ಸ್‌ಶೂ ಬೆಂಡ್ ಎರಡೂ ಅಲ್ಲೇ ಇವೆ.

ನಾನಿರುವ ಫೀನಿಕ್ಸ್‌ನಿಂದ ಅಲ್ಲಿಗೆ ಸುಮಾರು 450 ಕಿ.ಮೀ. ಒಂದೇ ದಿನದಲ್ಲಿ ಹೋಗಿ ಬರುವುದು ಅಂದರೆ ಒಂಬತ್ತು ತಾಸು ರಸ್ತೆಯಲ್ಲೇ ಹೋಯ್ತು. ಅದಕ್ಕೇ ಕಾರು ಬಿಟ್ಟು ವ್ಯಾನ್ ಟೂರ್ ಹಿಡಿದೆವು. ಬೆಳಿಗ್ಗೆ ಐದಕ್ಕೆ ಮನೆ ಹತ್ತಿರವೇ ಬಂದು ಹತ್ತಿಸಿಕೊಂಡರು. ಮೊದಲು ಸಗ್ವಾರೋ ಕಳ್ಳಿಗಳ ಬೆಟ್ಟ, ಆಮೇಲೆ 2,100 ಮೀಟರ್ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಪೈನ್ ಕಾಡು ಮತ್ತು ಚಳಿ, ಅದನ್ನು ಇಳಿದರೆ ಮತ್ತೆ ಮರವೇ ಇಲ್ಲದ ಕೆಂಪು ನೆಲ. ಅಲ್ಲಿಂದ ನವಾಹೋ ಬುಡಕಟ್ಟಿನವರ ಸೀಮೆ ಶುರು. ಅಲ್ಲಿ ಒಂದು ತಮಾಷೆ ಇದೆ. ಅರಿಝೋನಾದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಹಾಕುವುದಿಲ್ಲ, ನವಾಹೋದವರು ಹಾಕುತ್ತಾರೆ, ಪೇಜ್ ಊರಿನವರು ಮತ್ತೆ ಹಾಕುವುದಿಲ್ಲ. ದಾರಿಯಲ್ಲಿ ಫೋನ್ ತನ್ನಷ್ಟಕ್ಕೇ ಒಂದು ತಾಸು ಹಾರಿ, ಮುಂದೆ ಹೋದ ಮೇಲೆ ವಾಪಸ್ ಬರುತ್ತದೆ. ಸ್ವಂತ ಕಾರಿನಲ್ಲಿ ಹೋಗುವವರು ಬುಕ್ ಮಾಡಿದ ಸಮಯ ಯಾವ ಲೆಕ್ಕದ್ದು ಅಂತ ಕೇಳಿಕೊಂಡೇ ಹೊರಡಿ. ಕಣಿವೆಯ ಟೂರ್‌ಗಳು ಅರಿಝೋನಾ ಸಮಯದಲ್ಲೇ ನಡೆಯುತ್ತವೆ.

ಆಂಟೆಲೋಪ್ ಕಣಿವೆ ಅಮೆರಿಕ ಸರ್ಕಾರದ ನ್ಯಾಷನಲ್ ಪಾರ್ಕ್ ಅಲ್ಲ, ನವಾಹೋ ಜನರದ್ದೇ ಪಾರ್ಕ್. ಅವರ ಗೈಡ್ ಜೊತೆಗಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಬ್ಯಾಗೂ ಒಯ್ಯುವಂತಿಲ್ಲ. ಆಯಿಯ ಕವಳದ ಸಂಚಿಯನ್ನೂ ವ್ಯಾನ್‌ನಲ್ಲೇ ಇಡಿಸಿದರು, ಅದೊಂದಕ್ಕೆ ಅವಳಿಗೆ ಸಿಟ್ಟು ಬಂದಿದ್ದು ನಿಜ. ನಮಗೆ ಸಿಕ್ಕ ಗೈಡ್ ಇಪ್ಪತ್ತರ ಆಸುಪಾಸಿನ ನವಾಹೋ ಹುಡುಗಿ. ಎಲ್ಲರ ಫೋನ್ ಇಸಿದುಕೊಂಡು ಕ್ಯಾಮೆರಾದ ಬಣ್ಣದ ಸೆಟ್ಟಿಂಗ್ ತಾನೇ ಸರಿಮಾಡಿಕೊಟ್ಟಳು.

ಆಂಟೆಲೋಪ್‌ನಲ್ಲಿ ಮೇಲಿನದು, ಕೆಳಗಿನದು ಅಂತ ಎರಡು ಕಣಿವೆ, ನಾವು ಹೋಗಿದ್ದು ಕೆಳಗಿನದಕ್ಕೆ. ಮೇಲೆ ನಿಂತು ನೋಡಿದರೆ ನೆಲದಲ್ಲಿ ಒಂದು ಬಿರುಕು, ಅಷ್ಟೇ. ಕಬ್ಬಿಣದ ಮೆಟ್ಟಿಲು ತುಂಬಾ ಕಡಿದಾಗಿವೆ, ಆಯಿ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ನನಗಿಂತ ಮೊದಲೇ ಇಳಿದಳು. ಒಳಗೆ ಕೆಲವು ಕಡೆ ಎರಡೂ ಭುಜ ಗೋಡೆಗೆ ತಾಗುತ್ತವೆ. ಸುಮಾರು 19 ಕೋಟಿ ವರ್ಷಗಳ ಹಿಂದಿನ ಮರಳು ದಿಬ್ಬಗಳೇ ಗಟ್ಟಿಯಾಗಿ ಆದ ಕಲ್ಲು ಅದು. ಗಾಳಿ ಮರಳನ್ನು ಪದರ ಪದರವಾಗಿ ಹಾಕಿದ ಗೆರೆಗಳು ಇವತ್ತಿಗೂ ಕಾಣುತ್ತವೆ, ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಕಬ್ಬಿಣದ ಅಂಶದಿಂದ ಕೆಂಪು. ಬಿಸಿಲು ಮೇಲಿಂದ ನೇರ ಬೀಳದೆ ಗೋಡೆಯಿಂದ ಗೋಡೆಗೆ ಸಿಡಿದು ಬರುವುದರಿಂದ ಒಂದು ಕಡೆ ಕಿತ್ತಳೆ, ನಾಲ್ಕು ಹೆಜ್ಜೆ ಆಚೆ ನೇರಳೆ.

ಇದನ್ನೆಲ್ಲ ಕೊರೆದದ್ದು ನೀರು ಅಂತ ಹುಡುಗಿ ಹೇಳಿದಾಗ ಆಯಿ, "ನೀರೇ ಇಲ್ಯಲೋ ತಮಾ ಇಲ್ಲಿ!" ಅಂದಳು. ಪೇಜ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಆಗುವುದಿಲ್ಲ, ನಮ್ಮಲ್ಲಿ ಜುಲೈನಲ್ಲಿ ಹೊಡೆದರೆ ಒಂದೆರಡು ದಿನದ ಬಾಬತ್ತು ಅದು. ಆಗ ಹುಡುಗಿ ಮೇಲೆ ಕೈ ತೋರಿಸಿದಳು. ನಮ್ಮ ತಲೆಗಿಂತ ಎಷ್ಟೋ ಎತ್ತರದಲ್ಲಿ, ಎರಡು ಗೋಡೆಗಳ ನಡುವೆ ಒಂದು ಮರದ ದಿಮ್ಮಿ ಅಡ್ಡ ಸಿಕ್ಕಿಕೊಂಡಿತ್ತು. ಪ್ರವಾಹ ತಂದಿಟ್ಟದ್ದು. ತೋಟಕ್ಕೆ ಹೊಳೆ ನುಗ್ಗಿದ್ದು ಕಂಡವಳು ಆಯಿ, ಮತ್ತೆ ಏನೂ ಕೇಳಲಿಲ್ಲ.

1997ರ ಆಗಸ್ಟ್ 12ರಂದು ಇದೇ ಕಣಿವೆಯಲ್ಲಿ 11 ಪ್ರವಾಸಿಗರು ಕೊಚ್ಚಿಹೋಗಿ ಸತ್ತರು. ಕಣಿವೆಯ ಮೇಲೆ ಮಳೆ ಬಿದ್ದದ್ದು ತೀರಾ ಕಡಿಮೆ. ಮಳೆ ಹೊಯ್ದದ್ದು ಮೈಲುಗಟ್ಟಲೆ ಆಚೆ, ಮೇಲ್ಗಡೆ. ಮರ ಇಲ್ಲ, ಮಣ್ಣಿಲ್ಲ, ನೀರು ಇಂಗುವುದಕ್ಕೆ ಜಾಗ ಇಲ್ಲ, ಬಿದ್ದದ್ದೆಲ್ಲ ಈ ಬಿರುಕಿಗೇ ಬರುತ್ತದೆ. ಆಗ ಇದ್ದ ಮರದ ಏಣಿಗಳೂ ಹೋದವು. ಆಮೇಲೆ ಕಲ್ಲಿಗೆ ಬೋಲ್ಟ್ ಹಾಕಿದ ಕಬ್ಬಿಣದ ಮೆಟ್ಟಿಲು ಬಂದವು, ಹವಾಮಾನದ ರೇಡಿಯೊ ಬಂತು, ಅಪಾಯದ ಸೈರನ್ ಬಂತು. ದೂರದಲ್ಲಿ ಮೋಡ ಕಟ್ಟಿದರೂ ಆವತ್ತಿನ ಟೂರ್ ಬಂದ್ ಆಗಬಹುದು. ಅರಿಝೋನಾದಲ್ಲೂ ಮಾನ್ಸೂನ್ ಇದೆ ಅಂದರೆ ಊರಲ್ಲಿ ನಗುತ್ತಾರೆ, ಆದರೆ ಜುಲೈ-ಆಗಸ್ಟ್‌ನಲ್ಲಿ ಬರುವವರು ಇದನ್ನು ನೆನಪಿಟ್ಟುಕೊಂಡೇ ಬುಕ್ ಮಾಡಿ.

ಊಟದ ನಂತರ ಹಾರ್ಸ್‌ಶೂ ಬೆಂಡ್. ವ್ಯಾನ್ ಇಳಿದು ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬಿಸಿಲಲ್ಲಿ ನಡೆಯಬೇಕು, ನೀರಿನ ಬಾಟಲಿ ಮರೆಯಬೇಡಿ. ಕೊನೆಗೆ ನೆಲ ಒಮ್ಮೆಲೇ ಮುಗಿದುಬಿಡುತ್ತದೆ. 300 ಮೀಟರ್ ಕೆಳಗೆ ಕೊಲೊರಾಡೊ ನದಿ ಒಂದು ಬಂಡೆಯನ್ನು ಹೆಚ್ಚುಕಮ್ಮಿ ಪೂರ್ತಿ ಸುತ್ತಿ ತಿರುಗಿ ಹೋಗುತ್ತದೆ. ಕಟಕಟೆ ಇರುವುದು ಸ್ವಲ್ಪ ಜಾಗಕ್ಕೆ ಮಾತ್ರ, ಉಳಿದ ಕಡೆ ಜನ ಅಂಚಿನಲ್ಲಿ ಕಾಲು ಇಳಿಬಿಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನೋಡುವುದಕ್ಕೇ ನನಗೆ ಆಗಲಿಲ್ಲ.

ಆ ನೀರು ಅಚ್ಚ ಹಸಿರು. ಫೋಟೊಗೆ ಚೆಂದ, ಆದರೆ ಅದು ನದಿಯ ಮೂಲ ಬಣ್ಣ ಅಲ್ಲ. ಸ್ವಲ್ಪ ಮೇಲೆ 216 ಮೀಟರ್ ಎತ್ತರದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಇದೆ, ನಮ್ಮ ಸೂಪಾ ಅಣೆಕಟ್ಟಿನ ಎರಡು ಪಟ್ಟಿಗಿಂತ ಜಾಸ್ತಿ. 1963ರಲ್ಲಿ ಅದರಲ್ಲಿ ನೀರು ನಿಲ್ಲಿಸಿದ ಮೇಲೆ ಕೆಂಪು ಹೂಳೆಲ್ಲ ಹಿಂದೆಯೇ ತಳಕ್ಕೆ ಇಳಿಯುತ್ತದೆ, ಆಳದ ತಣ್ಣನೆ ತಿಳಿ ನೀರು ಮಾತ್ರ ಹೊರಗೆ ಬರುತ್ತದೆ. ಹಿನ್ನೀರಿನ ಪೊವೆಲ್ ಸರೋವರ ಮೊದಲ ಸಲ ತುಂಬಿದ್ದು 1980ರಲ್ಲಿ, 2023ರ ಆರಂಭದಲ್ಲಿ ಕಾಲು ಭಾಗಕ್ಕಿಂತಲೂ ಕೆಳಗೆ ಹೋಗಿತ್ತು. ನೀರು ಇಳಿದಲ್ಲೆಲ್ಲ ಕಲ್ಲಿನ ಮೇಲೆ ಬಿಳಿ ಪಟ್ಟಿ. ಸೂಪಾ ಊರು ಮುಳುಗಿ ತಾಲೂಕು ಕಚೇರಿ ಜೋಯಿಡಾಕ್ಕೆ ಹೋದ ಕಥೆ ಕೇಳಿ ಬೆಳೆದವರಿಗೆ ಆ ಪಟ್ಟಿ ಸುಮ್ನೆ ಒಂದು ದೃಶ್ಯ ಅಲ್ಲ ಬಿಡಿ.

ವಾಪಸ್ ಬರುವಾಗ ಎಲ್ಲರೂ ನಿದ್ದೆ, ನನ್ನ ತಲೆಯಲ್ಲಿ ಮಾತ್ರ ನಮ್ಮ ಸಾತೊಡ್ಡಿ ಜಲಪಾತ. ಯಲ್ಲಾಪುರದ ಕಡೆಯವರಿಗೆ ಗೊತ್ತು, ಮಳೆಗಾಲ ಬಂತೆಂದರೆ ಜಲಪಾತಗಳಿಗೆ ಪ್ರವೇಶ ಇಲ್ಲ ಅಂತ ಬೋರ್ಡು, ಬೋರ್ಡಿನ ಪಕ್ಕದಲ್ಲೇ ಇಳಿಯುವ ಹುಡುಗರು, ಮರುದಿನ ಪೇಪರಿನಲ್ಲಿ ಸುದ್ದಿ. ಪೂರ್ತಿ ಬಂದ್ ಇಲ್ಲವೇ ಪೂರ್ತಿ ಬಿಟ್ಟುಬಿಡು, ನಡುವೆ ಏನೂ ಇಲ್ಲ. ಆ ಹಳ್ಳ ಯಾವಾಗ ಏರುತ್ತದೆ, ಯಾವ ಕಲ್ಲು ಜಾರುತ್ತದೆ ಅನ್ನೋದು ಅಲ್ಲಿಯ ಸಿದ್ದಿ, ಕುಣಬಿ, ಗೌಳಿ ಹುಡುಗರಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು? ಅಲ್ಲೂ ಹತ್ತು ಜನಕ್ಕೆ ಒಬ್ಬ ಸ್ಥಳೀಯ ಗೈಡ್ ಇರಲಿ, ಅವನು ಬೇಡ ಅಂದರೆ ಆವತ್ತು ಬೇಡ, ಅವನ ಸಂಬಳ ಟಿಕೆಟ್ಟಿನಲ್ಲೇ. ಬೆಂಗಳೂರಿನಿಂದ ಕಾರು ತುಂಬಿಕೊಂಡು ಬರುವವರು ನೂರು ರೂಪಾಯಿ ಜಾಸ್ತಿ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಆ ದುಡ್ಡನ್ನು ಹೇಗೆ ಹಂಚಬೇಕು ಅನ್ನೋದನ್ನು ಪಂಚಾಯ್ತಿಯವರೂ ಅರಣ್ಯ ಇಲಾಖೆಯವರೂ ಕೂತು ತೀರ್ಮಾನ ಮಾಡಿಕೊಳ್ಳಲಿ.