ಎಕ್ಸ್‌ಬಾಕ್ಸ್ ಕಥೆ ಮುಗೀತಾ?

ಗೇಮಿಂಗ್ ಬಗ್ಗೆ ಬರೆಯುವ ನನಗೆ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. "ಎಕ್ಸ್‌ಬಾಕ್ಸ್ ಕಥೆ ಮುಗೀತಾ? ಮೇಲೆ ಕೂತವರನ್ನು ಮೊದಲು ಕಿತ್ತು ಹಾಕಬೇಕು, ಅಲ್ವಾ?"

ಮೈಕ್ರೋಸಾಫ್ಟ್‌ನ ಈ ಕನ್ಸೋಲ್ (ಗೇಮ್ ಆಡುವ ಯಂತ್ರ) ಎದುರಾಳಿಗಳ ಮುಂದೆ ಸೋತಿದೆ, ನಿಜ. ಆದರೆ ಸೋಲೇ ಬೇರೆ, ಸಾವೇ ಬೇರೆ. ಇನ್ನು ಕಿತ್ತು ಹಾಕುವ ಮಾತು. ಇವತ್ತು ಕಾಣುತ್ತಿರುವ ಪೆಟ್ಟು ಹೆಚ್ಚಾಗಿ ಎಷ್ಟೋ ವರ್ಷದ ಹಿಂದಿನ ತೀರ್ಮಾನದ ಫಲ. ಬೈಗುಳ ಮಾತ್ರ ಈಗ ಕುರ್ಚಿಯಲ್ಲಿ ಇರುವವರಿಗೆ ಬೀಳುತ್ತದೆ.

ಜಪಾನಿನ ಗೇಮ್ ಕಂಪನಿ ನಿಂಟೆಂಡೊ ನೋಡಿ. 2014ರ ಜನವರಿಯಲ್ಲಿ ಕಂಪನಿ ತನ್ನ ಕನ್ಸೋಲ್ ವೀ ಯು ಮಾರಾಟದ ವಾರ್ಷಿಕ ಅಂದಾಜನ್ನು 90 ಲಕ್ಷದಿಂದ 28 ಲಕ್ಷಕ್ಕೆ ಇಳಿಸಿತು. ಶುರುವಾಯಿತು ಗಲಾಟೆ. ಅಧ್ಯಕ್ಷ ಸತೊರು ಇವಾಟ ಇಳಿಯಲಿ, ಯಂತ್ರ ಮಾಡುವುದು ಬಿಟ್ಟು ಸುಮ್ನೆ ಫೋನಿಗೆ ಗೇಮ್ ಮಾಡಲಿ ಅಂತ ತಲೆಗೊಂದು ಸಲಹೆ. ಇವಾಟ ಐದು ತಿಂಗಳು ಅರ್ಧ ಸಂಬಳ ಮಾತ್ರ ತೆಗೆದುಕೊಂಡರು. ಕೆಲಸ ಹೋಗುವ ಭಯದಲ್ಲಿರುವವರಿಂದ ಒಳ್ಳೆಯ ಗೇಮ್ ಬರಲ್ಲ ಅನ್ನುವುದು ಅವರ ನಂಬಿಕೆ. ಅದೇ ವರ್ಷ ವೀ ಯುಗೆ ಬಂದ 'ಮಾರಿಯೊ ಕಾರ್ಟ್ 8' ಸುಮಾರು 84 ಲಕ್ಷ ಪ್ರತಿ ಹೋಯಿತು. ಅದೇ ಗೇಮ್ ಸ್ವಲ್ಪ ಸೇರಿಸಿಕೊಂಡು 2017ರಲ್ಲಿ ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್‌ಗೆ ಬಂತು, 6 ಕೋಟಿ ದಾಟಿತು! ಗೇಮ್ ಮಾಡುವವರು ಕೆಟ್ಟಿರಲಿಲ್ಲ, ಯಂತ್ರ ಎಡವಿತ್ತು ಅಷ್ಟೇ. ಇವಾಟ 2015ರಲ್ಲೇ ತೀರಿಕೊಂಡರು, ಸ್ವಿಚ್‌ನ ಗೆಲುವು ನೋಡಲಿಲ್ಲ.

ಹಾಗಂತ ಎಲ್ಲರೂ ಹೀಗೆ ಎದ್ದು ನಿಲ್ಲುತ್ತಾರೆ ಅಂತಲ್ಲ. ಇನ್ನೊಂದು ಜಪಾನಿ ಕಂಪನಿ ಸೇಗಾ 2001ರಲ್ಲಿ ತನ್ನ ಕನ್ಸೋಲ್ ಡ್ರೀಮ್‌ಕಾಸ್ಟ್ ನಿಲ್ಲಿಸಿತು, ಮತ್ತೆ ಕನ್ಸೋಲ್ ಕಡೆ ತಲೆ ಹಾಕಲಿಲ್ಲ.

ಈಗ ಎಕ್ಸ್‌ಬಾಕ್ಸ್‌ಗೆ ಬರೋಣ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ತೋರಿಸಿದಾಗ ಡಾನ್ ಮ್ಯಾಟ್ರಿಕ್ ಮುಖ್ಯಸ್ಥರು. ದಿನಕ್ಕೊಮ್ಮೆ ಇಂಟರ್ನೆಟ್ಟಿಗೆ ಕನೆಕ್ಟ್ ಆಗಲೇಬೇಕು, ಹಳೆಯ ಡಿಸ್ಕ್ ಮಾರುವುದಕ್ಕೂ ಕಟ್ಟುಪಾಡು. ಬೆಲೆ 499 ಡಾಲರ್, ಎದುರಿಗೆ ಸೋನಿಯ ಪ್ಲೇಸ್ಟೇಷನ್ 4ಕ್ಕೆ 399. ಜನ ಕೂಗಿದರು, ಜೂನ್‌ನಲ್ಲೇ ಆ ನಿಯಮಗಳು ಹೋದವು. ಆ ಕೂಗು ಸರಿಯಾಗಿತ್ತು, ಯಾಕೆಂದರೆ ಏನು ಬೇಡ ಅನ್ನುವುದು ಅದರಲ್ಲಿ ಸ್ಪಷ್ಟವಾಗಿತ್ತು. ಜುಲೈನಲ್ಲಿ ಮ್ಯಾಟ್ರಿಕ್ ಹೊರಟರು. ಯಂತ್ರ ಅಂಗಡಿಗೆ ಬಂದಾಗಲೂ ಬೆಲೆ ಮಾತ್ರ ಹಾಗೇ ಇತ್ತು.

2014ರಲ್ಲಿ ಫಿಲ್ ಸ್ಪೆನ್ಸರ್ ಮುಖ್ಯಸ್ಥರಾಗಿ ಬಂದಾಗ ಅವರನ್ನು ದೇವರ ಹಾಗೆ ಹೊತ್ತು ಮೆರೆಸಿದರು. ಅದೂ ಜಾಸ್ತಿಯೇ ಆಯಿತು. 2023ರಲ್ಲಿ ಅವರೇ ಒಂದು ಮಾತು ಒಪ್ಪಿಕೊಂಡರು: ಸೋಲಬಾರದ ತಲೆಮಾರಿನಲ್ಲೇ, ಅಂದರೆ ಎಕ್ಸ್‌ಬಾಕ್ಸ್ ಒನ್ ಕಾಲದಲ್ಲೇ, ನಾವು ಸೋತೆವು. ಜನ ಆ ಕಾಲದಲ್ಲೇ ಡಿಜಿಟಲ್ ಗೇಮ್‌ಗಳನ್ನು ಕೂಡಿಸಿಕೊಳ್ಳತೊಡಗಿದ್ದರು. ಹಾಗೆ ಕೊಂಡ ಗೇಮ್ ಆ ಖಾತೆಗೇ ಅಂಟಿಕೊಳ್ಳುತ್ತದೆ. ಡಿಸ್ಕ್ ಆದರೆ ಮಾರಿ ಬೇರೆ ಕಡೆ ಹೋಗಬಹುದು, ಡಿಜಿಟಲ್ ಗೇಮ್ ಮಾರಲೂ ಆಗಲ್ಲ, ಬೇರೆ ಕಂಪನಿಯ ಯಂತ್ರಕ್ಕೆ ಒಯ್ಯಲೂ ಆಗಲ್ಲ.

ಅಭಿಮಾನಿಗಳ ಗಾಬರಿಗೆ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. 2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ನಾಲ್ಕೇ ನಾಲ್ಕು ಗೇಮ್ ಬೇರೆ ಕನ್ಸೋಲ್‌ಗೆ ಹೋಗುತ್ತವೆ ಅಂದಿದ್ದಕ್ಕೆ, ಮೋಸ ಹೋದೆವು ಅಂತ ಎಷ್ಟೊಂದು ಜನ ಗೋಳಾಡಿದರು! ಆ ಗೇಮ್‌ಗಳು ಎಕ್ಸ್‌ಬಾಕ್ಸ್‌ನಿಂದ ಮಾಯವೇನೂ ಆಗಿರಲಿಲ್ಲ. ಪಕ್ಕದವನೂ ಆಡಿದರೆ ನಮ್ಮದೇನು ಗಂಟು ಹೋಯಿತು? ಆದರೆ ತಾವು ದುಡ್ಡು ಸುರಿದ ಯಂತ್ರವನ್ನು ಕಂಪನಿಯೇ ಕೈಬಿಡುತ್ತಿದೆ ಅಂತ ಅವರಿಗೆ ಕಂಡಿತು.

ಅದೇ ವರ್ಷ ಮೇನಲ್ಲಿ, ಎಲ್ಲರೂ ಮೆಚ್ಚಿದ 'ಹೈ-ಫೈ ರಶ್' ಗೇಮ್ ಮಾಡಿದ ತನ್ನದೇ ಟ್ಯಾಂಗೊ ಸ್ಟುಡಿಯೊ ಮುಚ್ಚುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಅದಕ್ಕೆ ಮೇಲಿನವರನ್ನು ಬೈದರೆ ನಾನು ಅಡ್ಡ ಬರಲ್ಲ. ಅದು ಹಿಂದಿನವರು ಮಾಡಿಟ್ಟು ಹೋದದ್ದಲ್ಲ, ಆಗ ಕುರ್ಚಿಯಲ್ಲಿ ಇದ್ದವರದೇ ತೀರ್ಮಾನ.

ಮುಂದಿನ ಎಕ್ಸ್‌ಬಾಕ್ಸ್ ಬಂದಾಗ ನಾನು ಮೊದಲು ನೋಡುವುದು ಒಂದೇ: ಈಗಾಗಲೇ ಕೊಂಡಿರುವ ಗೇಮ್‌ಗಳು ಅದರಲ್ಲಿ ನಡೆಯುತ್ತವಾ? ನಡೆಯದಿದ್ದರೆ ಕೂಗಿ, ನಾನೂ ಜೊತೆಗೆ ಬರುತ್ತೇನೆ.