ಜಪಾನದಾಗ ಕಟ್ಟಿದ ಪೆನ್ಶನ್ ರೊಕ್ಕ ವಾಪಸ್ ಬಂತು, ಆದ್ರ ಮೊದ್ಲ ತಿಂಗಳ ಎಣಿಸ್ರಿ

ಅವ್ವನ ಟ್ರಂಕ್‌ನ್ಯಾಗ ಹೊಲದ ಉತಾರ, ರೇಷನ್ ಕಾರ್ಡು, ಅಪ್ಪಾರ ಆಸ್ಪತ್ರಿ ಫೈಲು ಇವುಗಳ ಕೆಳಗ ಒಂದು ನೀಲಿ ಪುಸ್ತಕ ಬಿದ್ದಿತ್ತು. 2024ರ ದೀಪಾವಳಿಗೆ ಮನಿ ಸ್ವಚ್ಛ ಮಾಡೋ ಮುಂದ ಅವ್ವ ಅದನ್ನ ಎತ್ತಿ ಹಿಡದು "ಇದು ಬೇಕೇನೋ, ಇಲ್ಲಾ ರದ್ದಿಗೆ ಹಾಕ್ಲೋ" ಅಂತ ಕೇಳಿದ್ಲು. ನೋಡಿದ್ರ ನನ್ನ ಜಪಾನ್ ಪೆನ್ಶನ್ ಪುಸ್ತಕ, ನೆಂಕಿನ್ ತೆಚೋ ಅಂತಾರ ಅದಕ್ಕ. ಒಳಗ ಮೊದ್ಲ 4 ಅಂಕಿ, ನಡುವ ಒಂದು ಗೀಟು, ಆಮ್ಯಾಲ 6 ಅಂಕಿ, ಅದ ನನ್ನ ಪೆನ್ಶನ್ ನಂಬರ್. ನಾ ಅಲ್ಲೆ ನೆಲದ ಮ್ಯಾಲ ಕುಂತ್ಕೊಂಡು ಬೆರಳ ಎಣಿಸಿದೆ. ಜಪಾನ್ ಬಿಟ್ಟು ಬಂದಿದ್ದು 2023ರ ಜುಲೈದಾಗ, ರೊಕ್ಕ ಕೇಳಾಕ ಇರೋದು 2 ವರ್ಷ, ಅದ್ರಾಗ 15 ತಿಂಗಳ ಆಗ್ಲೇ ಹೋಗಿಬಿಟ್ಟಿದ್ವು.

ನಾ ನಾಗೋಯಾ ಕಡೆ ಒಂದು ಗಾಡಿ ಪಾರ್ಟ್ಸ್ ಕಂಪನ್ಯಾಗ 2019ರ ಏಪ್ರಿಲ್‌ದಿಂದ 2023ರ ಜೂನ್‌ವರೆಗೆ ಕೆಲಸ ಮಾಡಿದೆ, ಒಟ್ಟು 51 ತಿಂಗಳ. ಅಲ್ಲೆ ಸಂಬಳದಾಗ ಪ್ರತಿ ತಿಂಗಳ ಕೋಸೇ ನೆಂಕಿನ್, ಅಂದ್ರ ನೌಕರರ ಪೆನ್ಶನ್ ಅಂತ ಶೇ. 9.15 ಹಿಡಿತಾರ, ಕಂಪನಿ ಅಷ್ಟ ಹಾಕ್ತೈತಿ, ಕೂಡಿ ಶೇ. 18.3. ಬೋನಸ್‌ನ್ಯಾಗೂ ಹಿಡಿತಾರ. ಪೇ ಸ್ಲಿಪ್ ನೋಡಿದಾಗೆಲ್ಲಾ ಹೊಟ್ಟಿ ಉರೀತಿತ್ತು, ಯಾಕಂದ್ರ ಪೆನ್ಶನ್ ಸಿಗೋದು 65ಕ್ಕ, ಅದೂ 10 ವರ್ಷ ಕಟ್ಟಿದ್ರ. ಹಂಗಾಗಿ ಊರಿಗೆ ವಾಪಸ್ ಬರೋ ಪರದೇಶಿ ಮಂದಿಗೆ ದಟ್ಟೈ ಇಚಿಜಿಕಿನ್ ಅಂತ ಒಂದು ವ್ಯವಸ್ಥಾ ಮಾಡ್ಯಾರ, ಕಡಿಮಿ ಅಂದ್ರ 6 ತಿಂಗಳ ಕಟ್ಟಿ, 10 ವರ್ಷ ತುಂಬೋದ್ರೊಳಗ ದೇಶ ಬಿಟ್ಟವ್ರು ಒಮ್ಮೆಲೆ ಒಂದು ಮೊತ್ತ ತಗೋಬಹುದು. ಆದ್ರ ನಮ್ಮ ಪಿಎಫ್ ಇದ್ದಂಗ ಇದು ಅಂತ ತಿಳ್ಕೋಬ್ಯಾಡ್ರಿ. ಪಿಎಫ್‌ನ್ಯಾಗ ಕಂಪನಿ ಹಾಕಿದ್ದೂ ಬರ್ತೈತಿ, ಇದ್ರಾಗ ಬರೂದು ನಮ್ಮ ಅರ್ಧದ ಲೆಕ್ಕ ಅಷ್ಟ.

ಲೆಕ್ಕ ಹೆಂಗಂದ್ರ 6 ತಿಂಗಳಿಗೆ ಒಂದು ಮೆಟ್ಟಲಾ. 48 ರಿಂದ 53 ತಿಂಗಳ ಒಂದ ಮೆಟ್ಟಲಾ, ಅದಕ್ಕ ಸರಾಸರಿ ತಿಂಗಳ ಸಂಬಳದ 4.4 ಪಟ್ಟು. 54 ಆದ್ರ 4.9 ಪಟ್ಟು. ನಂದು 51, ಇನ್ನೊಂದು 3 ತಿಂಗಳ ನಿಂತಿದ್ರ ಅರ್ಧ ಸಂಬಳದಷ್ಟು ಹೆಚ್ಚಿಗಿ ಬರ್ತಿತ್ತು, ಇದನ್ನ ಅಲ್ಲಿದ್ದಾಗ ನಂಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೋನಸ್ ಕೂಡಿಸಿ ನನ್ನ ಸರಾಸರಿ ತಿಂಗಳಿಗೆ ಸುಮಾರು 3 ಲಕ್ಷ ಯೆನ್, ಅದ್ರ 4.4 ಪಟ್ಟು ಅಂದ್ರ 13 ಲಕ್ಷ 20 ಸಾವಿರ. ಅದ್ರಾಗ ಶೇ. 20.42 ಟ್ಯಾಕ್ಸ್ ಮೊದ್ಲ ಮುರ್ಕೊಂಡು ಉಳದದ್ದು ಕಳಸ್ತಾರ, ಅಂದ್ರ ಸುಮಾರು ಹತ್ತೂವರಿ ಲಕ್ಷ ಯೆನ್.

ಫಾರ್ಮ್ ದೊಡ್ಡ ತ್ರಾಸ ಏನಲ್ಲ. ಪಾಸ್‌ಪೋರ್ಟ್ ಝೆರಾಕ್ಸ್, ಪೆನ್ಶನ್ ನಂಬರ್ ಇರೋ ಕಾಗದ, ಬ್ಯಾಂಕ್ ಖಾತೆ ನಮ್ಮದ ಅಂತ ಬ್ಯಾಂಕಿನ ಸರ್ಟಿಫಿಕೇಟ್. ಅಲ್ಲೆ ವಾರ್ಡ್ ಆಫೀಸಿನ್ಯಾಗ ಊರು ಬಿಡ್ತೀನಿ ಅಂತ ಬರದು ಕೊಟ್ಟು ಬಂದಿರಬೇಕು, ಅದನ್ನ ನಾ ಮಾಡಿ ಬಂದಿದ್ದೆ. ಡಿಸೆಂಬರ್‌ದಾಗ ಎಲ್ಲಾ ಒಂದು ಕವರ್‌ಗೆ ಹಾಕಿ ಹುಬ್ಬಳ್ಳಿ ಹೆಡ್ ಪೋಸ್ಟ್ ಆಫೀಸಿಗೆ ಒಯ್ದು ಟೋಕಿಯೋಕ್ಕ ಸ್ಪೀಡ್ ಪೋಸ್ಟ್ ಮಾಡಿದೆ. ಫೆಬ್ರುವರಿ 2025ಕ್ಕ ಅದ ಕಾಗದ ವಾಪಸ್ ಬಂತು.

ಕಾರಣ ಹೆಸರು. ಪಾಸ್‌ಪೋರ್ಟ್‌ನ್ಯಾಗ ನನ್ನ ಹೆಸರು, ಅಪ್ಪಾರ ಹೆಸರು, ಅಡ್ಡಹೆಸರು ಮೂರೂ ಪೂರ್ತಿ ಐತಿ. ಬ್ಯಾಂಕ್ ಖಾತೆ ಕಾಲೇಜಿನ್ಯಾಗಿದ್ದಾಗ ವಿದ್ಯಾನಗರದಾಗ ತಗದಿದ್ದು, ಅದ್ರಾಗ ಬರೇ ನನ್ನ ಹೆಸರು ಮುಂದ ಎರಡು ಇನಿಶಿಯಲ್. ನಮ್ಮ ಕಡೆ ಇದು ಮನಿಮನಿ ಕಥಿ, ಮಾರ್ಕ್ಸ್ ಕಾರ್ಡಿನ್ಯಾಗ ಒಂದು, ಆಧಾರದಾಗ ಒಂದು, ಬ್ಯಾಂಕಿನ್ಯಾಗ ಒಂದು. ಇಲ್ಲೆ ಎಲ್ಲಾರೂ ಅರ್ಥ ಮಾಡ್ಕೋತಾರ, ಅಲ್ಲೆ ಕುಂತು ಕಾಗದ ನೋಡೋವ್ರಿಗೆ ಇವ್ರು ಇಬ್ರು ಬ್ಯಾರೆ ಬ್ಯಾರೆ ಮನಷ್ಯಾರು. ನಾ ಬ್ಯಾಂಕಿಗೆ ಹೋಗಿ "ಸರ, ಪಾಸ್‌ಪೋರ್ಟ್‌ನ್ಯಾಗ ಇದ್ದಂಗ ಹೆಸರು ಮಾಡಿ ಕೊಡ್ರಿ" ಅಂದೆ. ಆಧಾರ್ ಮೊದ್ಲ ತಿದ್ದಿಸ್ಕೊಂಡು ಬರ್ರಿ ಅಂದ್ರು. ಆಧಾರಕ್ಕ ಒಂದು ಪಾಳಿ, ಬ್ಯಾಂಕಿಗೆ ಮತ್ತ ಮೂರು ಸಲ, ಅಂತೂ ಮಾರ್ಚ್ ಕಡೀಕ ಹೊಸ ಸರ್ಟಿಫಿಕೇಟ್ ಸಿಕ್ತು. ಸೀಲು ಸರಿಯಾಗಿ ಮೂಡಿರಲಿಲ್ಲ, ಅರ್ಧ ಗೋಲ ಅಷ್ಟ ಕಾಣ್ತಿತ್ತು, ನಾ ಕೌಂಟರ್ ಬಿಟ್ಟು ಸರೀಲಿಲ್ಲ, "ಅಕ್ಕಾರ, ಇನ್ನೊಂದ್ಸಲ ಒತ್ರಿ" ಅಂತ ಕೇಳಿ ಒತ್ತಿಸ್ಕೊಂಡು ಬಂದೆ. ಏಪ್ರಿಲ್‌ದಾಗ ಎರಡನೇ ಸಲ ಕಳಿಸಿದೆ, ಗಡುವು ಇನ್ನ ಮೂರು ತಿಂಗಳ ಇತ್ತು. ದೀಪಾವಳಿಗೆ ಅವ್ವ ಆ ಪುಸ್ತಕ ಎತ್ತಿ ಹಿಡೀದಿದ್ರ ನನ್ನ ನಾಲ್ಕು ವರ್ಷದ ದುಡಿಮಿ ರೊಕ್ಕ ಹೋಗೇ ಬಿಡ್ತಿತ್ತು.

ಈಗ ನಾ ಖರೇ ಹೇಳಬೇಕಂತ ಇದ್ದ ಮಾತಿಗೆ ಬರ್ತೀನಿ. ಎರಡನೇ ಸಲ ಕಳಸೋ ಮುಂಚೆ ನಾ ಒಂದು ವಾರ ಕುಂತು ವಿಚಾರ ಮಾಡಿದೆ, ಯಾಕಂದ್ರ ಈ ರೊಕ್ಕ ತಗೊಂಡ್ರ ಆ 51 ತಿಂಗಳ ಜಪಾನ್ ದಫ್ತರದಾಗ ಅಳಿಸಿ ಹೋಗ್ತಾವ, ಇಲ್ಲದಂಗ. ಭಾರತಕ್ಕೂ ಜಪಾನಕ್ಕೂ 2016ರ ಅಕ್ಟೋಬರ್ 1ರಿಂದ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯೊಳಗ ಐತಿ, ಅದ್ರ ಪ್ರಕಾರ ಇಲ್ಲೆ ಪಿಎಫ್ ಪೆನ್ಶನ್ ಕಟ್ಟಿದ ವರ್ಷಾನೂ ಅಲ್ಲಿ 10 ವರ್ಷದ ಲೆಕ್ಕಕ್ಕ ಕೂಡಸ್ತಾರ. ನಾ ಈಗ ಗೋಕುಲ ರೋಡಿನ್ಯಾಗ ಕೆಲಸ ಮಾಡ್ತೀನಿ, ಪಿಎಫ್ ಐತಿ, ಹಂಗಾದ್ರ 10 ವರ್ಷ ನಂಗ ಆರಾಮ ತುಂಬ್ತಾವ, 65ಕ್ಕ ಜಪಾನ್ ಕೊಡೋ ಪೆನ್ಶನ್ ಅಲ್ಲಿ ಕಟ್ಟಿದ 51 ತಿಂಗಳಿಗೆ ಮಾತ್ರ. ಈಗಿನ ದರದಾಗ ಕೈಲೆ ಲೆಕ್ಕ ಹಾಕಿದೆ, ವರ್ಷಕ್ಕ ಸುಮಾರು 1 ಲಕ್ಷ 70 ಸಾವಿರ ಯೆನ್, ಬದುಕಿರೋತನಕ. ಅಂದ್ರ ಎಂಟು ವರ್ಷ ತಗೊಂಡ್ರ ಒಮ್ಮೆಲೆ ಬರೋ ಮೊತ್ತ ದಾಟಿ ಹೋಗ್ತೈತಿ.

ನಾ ಆದ್ರೂ ಒಮ್ಮೆಲೆ ತಗೊಂಡೆ. ಅಪ್ಪಾರ ಆಪರೇಶನ್‌ಗೆ ತಂದ ಸಾಲಕ್ಕ ಬಡ್ಡಿ ಏರ್ತಿತ್ತು, ನಂಗ 65 ಆಗಾಕ ಇನ್ನ 30 ವರ್ಷದ ಮ್ಯಾಲ, ಆ ಬಡ್ಡಿ ಕಟ್ಕೋತ ಅಲ್ಲಿ ಪೆನ್ಶನ್ ಇಡೂದು ನನ್ನ ಪರಿಸ್ಥಿತಿಗೆ ಸರಿ ಅನಸಲಿಲ್ಲ. ಆದ್ರ 5 ವರ್ಷ ದಾಟಿದವ್ರು ದಯವಿಟ್ಟು ಅವಸರ ಮಾಡಬ್ಯಾಡ್ರಿ. ಮೊತ್ತದ ಲೆಕ್ಕ 60 ತಿಂಗಳಿಗೆ ನಿಲ್ತೈತಿ, 2021ರ ಏಪ್ರಿಲ್‌ಗಿಂತ ಮೊದ್ಲ 36ಕ್ಕ ನಿಲ್ತಿತ್ತು. 8 ವರ್ಷ ದುಡದವ್ರಿಗೂ 60 ತಿಂಗಳದ್ದ ರೊಕ್ಕ, ಅಳಿಸಿ ಹೋಗೂದು ಮಾತ್ರ 96 ತಿಂಗಳ ಪೂರ್ತಿ. ಇದು ಭಾಳ ಮಂದಿಗೆ ಗೊತ್ತಿಲ್ಲ.

ರೊಕ್ಕ ಆಗಸ್ಟ್ ಕಡೀಕ ಖಾತೆಗೆ ಬಂತು, ಸುಮಾರು 6 ಲಕ್ಷ ರೂಪಾಯಿ, ಜೊತಿಗೆ ಪೋಸ್ಟ್‌ನ್ಯಾಗ ಒಂದು ನೋಟೀಸ್. ಆ ನೋಟೀಸ್ ಒಗೀಬ್ಯಾಡ್ರಿ. ಮುರಕೊಂಡ ಶೇ. 20.42 ಟ್ಯಾಕ್ಸ್ ವಾಪಸ್ ಪಡಿಯೋದು ಅದ್ರ ಮ್ಯಾಲ. ಜಪಾನದಾಗ ಇರೋರು ಒಬ್ರನ್ನ ನಮ್ಮ ಪರವಾಗಿ ಟ್ಯಾಕ್ಸ್ ಪ್ರತಿನಿಧಿ ಅಂತ ನೇಮಿಸಬೇಕು, ಅವ್ರು ಅಲ್ಲಿನ ಟ್ಯಾಕ್ಸ್ ಆಫೀಸಿಗೆ ನಿವೃತ್ತಿ ಆದಾಯ ಅಂತ ರಿಟರ್ನ್ ಹಾಕ್ತಾರ, ಇದಕ್ಕ 5 ವರ್ಷ ಟೈಮ್ ಐತಿ. ನನ್ನ ಹಳೇ ರೂಮ್‌ಮೇಟ್, ಗದಗದವ, ರಜಾ ಹಾಕಿ ಹೋಗಿ ಮಾಡಿಕೊಟ್ಟ, ಡಿಸೆಂಬರ್‌ದಾಗ ಪೂರ್ತಿ 2 ಲಕ್ಷ 69 ಸಾವಿರ ಚಿಲ್ಲರ ಯೆನ್ ಅವನ ಖಾತೆಗೆ ಬಂದು ಅಲ್ಲಿಂದ ನಂಗ ಬಂತು. ಅಂವಗ ನಾ ಹೆಂಗ ಋಣ ತೀರಸಬೇಕೋ ಗೊತ್ತಿಲ್ಲ.

ಮೊನ್ನೆ ಹಾವೇರಿಯಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ್ದ, ಅಂವಾ ಜಪಾನದಿಂದ ಮಾರ್ಚ್‌ಗೆ ಬಂದಾನ. "ಅಣ್ಣಾ, ಆ ಫಾರ್ಮ್ ಕಳಸು, ಇವತ್ತ ತುಂಬ್ತೀನಿ" ಅಂದ. ಎಷ್ಟ ತಿಂಗಳ ಕಟ್ಟೀಪಾ ಅಂದೆ. 83 ಅಂದ. ಫಾರ್ಮ್ ಕಳಸ್ಲಿಲ್ಲ, ನಿನ್ನ ಪಿಎಫ್ ಪಾಸ್‌ಬುಕ್ ತಗೊಂಡು ಆಯ್ತವಾರ ಹುಬ್ಬಳ್ಳಿಗೆ ಬಾ ಅಂದೀನಿ.